50,000 ಖೋಲಿಗಳ ಯೋಜನೆ: ಮುಂಬಯಿಯ ಬಿ.ಡಿ.ಡಿ. ಚಾಳುಗಳ ಕಥೆ

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವರಳಿ, ನಾಯಗಾಂವ್, ಡಿಲಾಯ್ಲ್ ರೋಡ್ ಕಡೆಯಿಂದ ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ಬಿ.ಡಿ.ಡಿ. ಚಾಳು, ಅಂದರೆ ಸಂಸಾರಕ್ಕೊಂದು ಖೋಲಿ (ಕೋಣೆ) ಇರುವ ಆ ಬಾಡಿಗೆ ಕಟ್ಟಡ, ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ಮೂರಕ್ಷರದ ಹಿಂದಿರುವ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ಯಾಕೆ ಹುಟ್ಟಿತು, ಏನು ಮಾಡಲು ಹೊರಟಿತು, ಎಲ್ಲಿ ಎಡವಿತು ಎಂಬುದನ್ನು ಅಲ್ಲಿ ಹುಟ್ಟಿ ಬೆಳೆದವರೂ ಅಷ್ಟಾಗಿ ಕೇಳಿರಲಾರಿರಿ. ನೂರು ವರ್ಷದ ಹಿಂದೆ ಬ್ರಿಟಿಷ್ ಸರ್ಕಾರ ಬಡವರ ವಸತಿಗೆ ತಾನೇ ಕೈಹಾಕಿದ ದೊಡ್ಡ ಪ್ರಯತ್ನವಿದು. ಎಷ್ಟು ಖೋಲಿ ಕಟ್ಟಬೇಕು ಎಂಬ ಲೆಕ್ಕ ಅದರ ಬಳಿ ಇತ್ತು. ಹತ್ತಿ ಗಿರಣಿಯ ಆಳು ಎಷ್ಟು ಬಾಡಿಗೆ ಕೊಟ್ಟಾನು, ಎಷ್ಟು ದೂರ ನಡೆದಾನು ಎಂಬ ಲೆಕ್ಕ ಇರಲಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಕಥೆ ಪ್ಲೇಗಿನಿಂದ ಶುರುವಾಗುತ್ತದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಗೋದಾಮುಗಳ ಸುತ್ತಲಿನ ಇಕ್ಕಟ್ಟು ಓಣಿಗಳಲ್ಲಿ ಜನ ಸಾಯತೊಡಗಿದರು. ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್ ಇದು ಗಂಟುಪ್ಲೇಗು ಎಂದು ಗುರುತಿಸಿದರು. ಊರಿಗೆ ಊರೇ ರೈಲು ಹತ್ತಿ ಓಡಿತು, ಗಿರಣಿಗಳು ಆಳಿಲ್ಲದೆ ನಿಂತವು. ಸರ್ಕಾರ ಎಚ್ಚೆತ್ತದ್ದು ಆಗ. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಮ್ಮ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದ್ದೂ ಅದೇ ಪ್ಲೇಗಿನ ಭಯದಿಂದ, ಅದೇ ವರ್ಷಗಳಲ್ಲಿ. ಆದರೆ ಅಲ್ಲಿ ಊರಾಚೆ ಬಯಲಿತ್ತು. ಮುಂಬಯಿಗೆ ಮೂರು ಕಡೆ ಸಮುದ್ರ.

ಟ್ರಸ್ಟ್ ಅಗಲವಾದ ರಸ್ತೆಗಳನ್ನು ತೆಗೆಯಿತು, ಗಾಳಿ ಬೆಳಕಿಲ್ಲದ ಮನೆಗಳನ್ನು ಕೆಡವಿತು. ಕೆಡವಿದ ವೇಗದಲ್ಲಿ ಕಟ್ಟಲಿಲ್ಲ. ಮನೆ ಕಳೆದುಕೊಂಡವರು ಪಕ್ಕದ ಓಣಿಯ ಚಾಳಿಗೆ ಹೋಗಿ ತುಂಬಿಕೊಂಡರು. ನಾಲ್ಕು ಜನರಿದ್ದ ಖೋಲಿಯಲ್ಲಿ ಎಂಟು ಜನರಾದರು. ಟ್ರಸ್ಟ್ ಕಟ್ಟಿದ ಚಾಳುಗಳೂ ಇವೆ, ಅವನ್ನು ಬಿ.ಐ.ಟಿ. ಚಾಳು ಅನ್ನುತ್ತಾರೆ. ಬಾಬಾಸಾಹೇಬ ಅಂಬೇಡ್ಕರರು ಪರೇಲಿನ ಅಂಥ ಒಂದು ಚಾಳಿನ ಎರಡು ಖೋಲಿಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸಂಸಾರ ನಡೆಸಿದರು.

ಆಮೇಲೆ ಮೊದಲ ಮಹಾಯುದ್ಧ ಬಂತು. ಗಿರಣಿ ಮಾಲೀಕರಿಗೆ ಕೈತುಂಬ ಲಾಭ. ಹಳ್ಳಿಗಳಿಂದ ಜನ ಬರುತ್ತಲೇ ಇದ್ದರು. ಕಬ್ಬಿಣ, ಸಿಮೆಂಟು ಯುದ್ಧದ ಪಾಲಾಗಿ ಮನೆ ಕಟ್ಟುವ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ಬಾಡಿಗೆ ಏರಿತು. 1918ರಲ್ಲಿ ಸರ್ಕಾರ ಬಾಡಿಗೆ ನಿಯಂತ್ರಣ ಕಾಯಿದೆ ತಂದು, 1916ರ ಜನವರಿಯಲ್ಲಿದ್ದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ ಎಂದಿತು. 1919ರ ಜನವರಿಯಲ್ಲಿ ಲಕ್ಷಕ್ಕೂ ಮೀರಿ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು, ಮರುವರ್ಷ ಮತ್ತೆ ನಿಲ್ಲಿಸಿದರು. 1911ರಲ್ಲಿ ಸುಮಾರು 9.8 ಲಕ್ಷವಿದ್ದ ಜನಸಂಖ್ಯೆ 1921ಕ್ಕೆ 11.7 ಲಕ್ಷ ದಾಟಿತ್ತು.

ಈ ಬೇಗುದಿಯ ನಡುವೆ ಗವರ್ನರ್ ಆಗಿ ಬಂದವರು ಜಾರ್ಜ್ ಲಾಯ್ಡ್. ಅಧಿಕಾರ ವಹಿಸಿಕೊಂಡದ್ದು 1918ರ ಡಿಸೆಂಬರಿನಲ್ಲಿ. ನಲವತ್ತು ತುಂಬದ ವಯಸ್ಸು, ದೊಡ್ಡ ಕೆಲಸ ಬೇಗ ಆಗಬೇಕೆಂಬ ಹಟ. ನಗರಸಭೆಯಿಂದಾಗಲೀ ಟ್ರಸ್ಟ್‌ನಿಂದಾಗಲೀ ಇದು ಆಗುವುದಲ್ಲ ಎಂದು ತೀರ್ಮಾನಿಸಿ 1920ರಲ್ಲಿ ಡೆವಲಪ್‌ಮೆಂಟ್ ಡೈರೆಕ್ಟರೇಟ್ ಎಂಬ ಹೊಸ ವ್ಯವಸ್ಥೆಯನ್ನೇ, ಅಂದರೆ ನಾನು ಮೊದಲು ಹೇಳಿದ ಬಿ.ಡಿ.ಡಿ. ಇಲಾಖೆಯನ್ನು, ಕಟ್ಟಿದರು. ಅದರ ಎದುರು ಎರಡು ದೊಡ್ಡ ಕೆಲಸ. ಒಂದು, ಕೊಲಾಬಾದ ಪಶ್ಚಿಮಕ್ಕೆ ಬ್ಯಾಕ್ ಬೇ ಕೊಲ್ಲಿಯನ್ನು ತುಂಬಿ 1,145 ಎಕರೆ ಹೊಸ ನೆಲ ಮಾಡುವುದು. ಇನ್ನೊಂದು, ಕಾರ್ಮಿಕರಿಗೆ 50,000 ಖೋಲಿ ಕಟ್ಟುವುದು. ಖೋಲಿಗೆ ಐವರಂತೆ ಹಿಡಿದರೂ ಎರಡೂವರೆ ಲಕ್ಷ ಜನ, ಅಂದರೆ ಊರಿನ ಐದನೇ ಒಂದು ಪಾಲು. ಆ ಕಾಲಕ್ಕೆ ಅದು ಅಗಾಧವಾದ ಸಂಕಲ್ಪ. ಬಡವರ ಮನೆ ಸರ್ಕಾರದ ಹೊಣೆ ಎಂದು ಆ ಸರ್ಕಾರ ಒಪ್ಪಿಕೊಂಡದ್ದನ್ನು ನಾನು ಸಣ್ಣದಾಗಿ ಕಾಣುವುದಿಲ್ಲ.

ದುಡ್ಡು ಎಲ್ಲಿಂದ? ಮುಂಬಯಿಗೆ ಬರುವ ಹತ್ತಿಯ ಪ್ರತಿ ಬೇಲಿನ, ಅಂದರೆ ಒತ್ತಿ ಕಟ್ಟಿದ ಮೂಟೆಯ, ಮೇಲೆ ಒಂದು ರೂಪಾಯಿ ಸುಂಕ. ಅದರ ಜೊತೆಗೆ ಶೇಕಡಾ 6.5 ಬಡ್ಡಿಯ ಡೆವಲಪ್‌ಮೆಂಟ್ ಸಾಲಪತ್ರ. ಈ ಬಡ್ಡಿಯ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಯೋಜನೆ ಎಡವಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಇನ್ನೊಂದು ಮಾತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಇದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಮ್ಮ ಆ ನಾಲ್ಕು ಜಿಲ್ಲೆಗಳ ಪ್ರತಿನಿಧಿಗಳು ಕೂತಿದ್ದ ಶಾಸನಸಭೆಯಲ್ಲೇ ಈ ಖರ್ಚಿನ ವಾದವಿವಾದ ನಡೆಯಿತು. ಪ್ರಾಂತ್ಯದ ಬೊಕ್ಕಸಕ್ಕೆ ಬಿದ್ದ ಹೊರೆಯಲ್ಲಿ ಧಾರವಾಡದ ರೈತನ ಪಾಲೂ ಇತ್ತು.

ಕಟ್ಟಡ ಹೇಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೆಲಮಹಡಿ, ಮೇಲೆ ಮೂರು ಮಹಡಿ. ಮಹಡಿಗೆ ಇಪ್ಪತ್ತು ಖೋಲಿ, ಒಟ್ಟು ಎಂಬತ್ತು. ನಡುವೆ ಉದ್ದಕ್ಕೂ ಒಂದು ಓಣಿ, ಅದರ ಎರಡೂ ಬದಿಗೆ ಹತ್ತತ್ತು ಬಾಗಿಲು, ಎದುರುಬದುರು. ಓಣಿಗೆ ಹಗಲಿನ ಬೆಳಕು ಎರಡು ತುದಿಗಳಿಂದ ಮತ್ತು ಮೆಟ್ಟಿಲ ಕಡೆಯಿಂದ ಬಂದರೆ ಬಂತು. ಶೌಚಾಲಯ ಇಡೀ ಮಹಡಿಯವರು ಹಂಚಿಕೊಳ್ಳುವಂಥದ್ದು. ಖೋಲಿ 160 ಚದರಡಿ. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ಅಂಥ ಒಂದು ಖೋಲಿಯೊಳಗೆ ಹೋಗಿ ಕೂತು ನೋಡಿದ್ದೇನೆ. ಬಾಗಿಲ ಪಕ್ಕಕ್ಕೆ ಮೈ, ಪಾತ್ರೆ ತೊಳೆಯುವ ಮೋರಿ, ಅದರ ಅಂಚಿಗೆ ನೀರು ತುಂಬಿದ ಡ್ರಮ್ಮು, ಅದಕ್ಕೆ ತಾಗಿ ಒಲೆಕಟ್ಟೆ. ಉಳಿದ ಜಾಗದಲ್ಲಿ ಒಂದು ಮಂಚ, ಒಂದು ಕಪಾಟು, ಗೋಡೆಗೆ ದೇವರ ಹಲಗೆ. ತಲೆಯ ಮೇಲೆ ಮನೆಯವರೇ ಕಟ್ಟಿಸಿಕೊಂಡ ಅಟ್ಟ. ಮಂಚದ ಮೇಲೆ ಅಜ್ಜಿ, ಕೆಳಗೆ ಮೊಮ್ಮಕ್ಕಳು, ಅಟ್ಟದ ಮೇಲೆ ಮಗ ಸೊಸೆ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಾಸಿಗೆ ಹಾಸಬೇಕಾದರೆ ಓದುವ ಹುಡುಗ ಪುಸ್ತಕ ಎತ್ತಿಕೊಂಡು ಓಣಿಗೆ ಹೋಗಬೇಕು.

ಇಡೀ ಕಟ್ಟಡ ಕಾಂಕ್ರೀಟಿನದು. ಆಗ ಅದು ಹೊಸ ವಿದ್ಯೆ. ಬೇಗ ಏಳುತ್ತದೆ, ಬೆಂಕಿಗೆ ಬಗ್ಗುವುದಿಲ್ಲ, ತಿಗಣೆ ಇಲಿಗಳಿಗೆ ಸಂದಿ ಸಿಗುವುದಿಲ್ಲ. ಪ್ಲೇಗಿನ ನೆನಪು ಇನ್ನೂ ಹಸಿಯಾಗಿದ್ದ ಊರಿನಲ್ಲಿ ಇಲಿಯ ವಿಚಾರ ಸಣ್ಣದಲ್ಲ. ಆದರೆ ಗಾಳಿ ಬೆಳಕಿಗೆಂದು ಇಟ್ಟದ್ದೂ ಕಾಂಕ್ರೀಟಿನ ಜಾಲಿಯನ್ನೇ. ಮುಚ್ಚಿ ತೆರೆಯುವ ಕಿಟಕಿಯ ಅನುಕೂಲ ಅದರಲ್ಲಿ ಇಲ್ಲ. ಮಳೆಗಾಲದಲ್ಲಿ ಎರಚಲು ಒಳಗೇ, ಬಿಸಿಲುಕಾಲದಲ್ಲಿ ಕಾದ ಗೋಡೆಯ ಝಳವೂ ಒಳಗೇ. ಇವನ್ನು ನೋಡಿದ ಹಲವರು ಜೈಲನ್ನು ನೆನೆದರು.

ಹೀಗೆ 207 ಚಾಳುಗಳು ಎದ್ದವು. ವರಳಿಯಲ್ಲಿ 121, ನಾಯಗಾಂವಿಯಲ್ಲಿ 42, ಈಗ ಎನ್.ಎಂ. ಜೋಶಿ ಮಾರ್ಗವಾಗಿರುವ ಡಿಲಾಯ್ಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಖೋಲಿಗಳು ಸುಮಾರು 16,500. 50,000ದ ಮಾತು ಮೂರನೇ ಒಂದು ಪಾಲಿಗೆ ನಿಂತಿತು. ಯಾಕೆ ನಿಂತಿತು ಅಂದರೆ ಕಟ್ಟಿದ ಖೋಲಿಗಳಿಗೇ ಜನ ಬರಲಿಲ್ಲ. ಖೋಲಿ ಸಿಗದೆ ಜನ ಫುಟ್‌ಪಾತಿನ ಮೇಲೆ ಮಲಗುತ್ತಿದ್ದ ಊರಿನಲ್ಲಿ, ಸರ್ಕಾರ ಕಟ್ಟಿದ ಹೊಸ ಖೋಲಿಗಳು ಸಾವಿರಗಟ್ಟಲೆ ಖಾಲಿ ಬಿದ್ದವು. ವರಳಿಯಲ್ಲಂತೂ ಸಾಲುಸಾಲು ಚಾಳುಗಳಿಗೆ ಬೀಗ.

ಗಿರಣಿಯ ಆಳುಗಳಿಗೆ ಚೊಕ್ಕಟದ ಮನೆಯ ಬೆಲೆ ಗೊತ್ತಿಲ್ಲ, ಇಕ್ಕಟ್ಟಿನಲ್ಲೇ ಇರುವುದು ಅವರಿಗೆ ರೂಢಿ ಎಂದವರು ಆಗ ಇದ್ದರು. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಬಾರದಿರುವುದಕ್ಕೆ ಅವರಿಗೆ ಕಾರಣಗಳಿದ್ದವು.

ಮೊದಲನೆಯದು ಬಾಡಿಗೆ. 1921ರಲ್ಲಿ ಸ್ಥಾಪನೆಯಾದ ಮುಂಬಯಿ ಸರ್ಕಾರದ ಲೇಬರ್ ಆಫೀಸ್ ಕಾರ್ಮಿಕ ಕುಟುಂಬಗಳ ಆಯವ್ಯಯವನ್ನು ಮನೆಮನೆಗೆ ಹೋಗಿ ಬರೆದುಕೊಂಡಿತ್ತು. ಕುಟುಂಬದ ಸರಾಸರಿ ಆದಾಯ ತಿಂಗಳಿಗೆ ಸುಮಾರು 52 ರೂಪಾಯಿ. ಅರ್ಧಕ್ಕಿಂತ ಹೆಚ್ಚು ಊಟಕ್ಕೇ ಹೋಗುತ್ತಿತ್ತು. ಬಾಡಿಗೆಗೆ ಹೋಗುತ್ತಿದ್ದುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಇತ್ತ ಡೈರೆಕ್ಟರೇಟ್ ಬಾಡಿಗೆಯನ್ನು ಲೆಕ್ಕಹಾಕಿದ್ದು ಬೇರೆ ದಿಕ್ಕಿನಿಂದ: ಖೋಲಿ ಕಟ್ಟಲು ಎಷ್ಟು ಹಿಡಿಯಿತು, ಅದರ ಮೇಲೆ ಬಡ್ಡಿ ಎಷ್ಟು, ದುರಸ್ತಿಗೆ ಎಷ್ಟು. ಯುದ್ಧ ಮುಗಿದ ಮೇಲಿನ ಆ ಎರಡು ಮೂರು ವರ್ಷ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ದರವೂ ಮುಗಿಲಿಗೆ ಮುಟ್ಟಿತ್ತು, ಅದೇ ಹೊತ್ತಿನಲ್ಲಿ ಅವಸರದಿಂದ ಕಟ್ಟಿದರು. ಕಟ್ಟಿದ ಖರ್ಚೂ ಹೆಚ್ಚು, ಸಾಲದ ಬಡ್ಡಿಯೂ ಹೆಚ್ಚು. ಅಷ್ಟನ್ನೂ ಬಾಡಿಗೆಯಾಗಿ ಕೇಳಿದರೆ ಯಾವ ಗಿರಣಿ ಆಳೂ ಕೊಡಲಾರ. ಕಡಿಮೆ ಮಾಡಿದರೂ ಜನ ಬರಲಿಲ್ಲ, ಇನ್ನೂ ಇಳಿಸಿದರು. ವರ್ಷವರ್ಷವೂ ನಷ್ಟ ಪ್ರಾಂತ್ಯದ ತಲೆಗೆ ಬಿತ್ತು.

ಎರಡನೆಯದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ಗಿರಣಗಾಂವಿನ, ಅಂದರೆ ಗಿರಣಿಗಳ ಆ ಪ್ರದೇಶದ, ಬದುಕು ನಡೆಯುತ್ತಿದ್ದುದು ಉದ್ರಿಯ ಮೇಲೆ. ಗಿರಣಿಯವರು ಸಂಬಳ ಕೊಡುತ್ತಿದ್ದುದು ತಿಂಗಳಿಗೊಮ್ಮೆ, ಅದೂ ಮುಂದಿನ ತಿಂಗಳು ಕೆಲವು ದಿನ ಕಳೆದ ಮೇಲೆ. ಊರಿನಿಂದ ಹೊಸದಾಗಿ ಬಂದವನು ಮೊದಲ ಪಗಾರ ಕಾಣಲು ಆರು ವಾರ ಕಾಯಬೇಕು. ಅಲ್ಲಿಯವರೆಗೆ ಅಕ್ಕಿ ಬೇಳೆ ಕೊಡುವವನು ಓಣಿಯ ತುದಿಯ ಕಿರಾಣಿಯವನು. ಅವನು ಕೊಡುವುದು ಮುಖ ನೋಡಿ, ಪಕ್ಕದ ಖೋಲಿಯವನ ಮಾತಿನ ಮೇಲೆ. ಕೆಲಸ ಕೊಡಿಸುವ ಮುಕಾದಮ ಇರುವುದೂ ಅದೇ ಓಣಿಯಲ್ಲಿ. ಸಂಸಾರ ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ಖಾನಾವಳಿ ನಡೆಸುವ ಹೆಂಗಸು ಅಲ್ಲಿದ್ದಾಳೆ. ಒಂದೇ ಹಳ್ಳಿಯ ಹತ್ತು ಹನ್ನೆರಡು ಜನ ಸೇರಿ ಒಂದು ಖೋಲಿ ಹಿಡಿಯುತ್ತಿದ್ದರು. ಕೆಲವರು ಹಗಲು ಪಾಳಿ, ಕೆಲವರು ರಾತ್ರಿ ಪಾಳಿ, ಬಾಡಿಗೆ ಎಲ್ಲರಿಗೂ ಹಂಚಿಹೋಗುತ್ತಿತ್ತು. ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗಿದರೆ ಓಡಿ ಮುಟ್ಟುವಷ್ಟು ಹತ್ತಿರ ಇರಬೇಕು, ತಡವಾದರೆ ಆ ದಿನದ ಕೂಲಿ ಹೋಯಿತು. 1928ರಲ್ಲಿ ಆರು ತಿಂಗಳ ಮುಷ್ಕರ ನಡೆದಾಗ ಕಾರ್ಮಿಕರು ಉಪವಾಸ ಬೀಳದಂತೆ ಕಾದದ್ದರಲ್ಲಿ ಇದೇ ಉದ್ರಿ, ಇದೇ ಊರಬಂಧುಗಳ ಪಾಲು ದೊಡ್ಡದು.

ಇದೆಲ್ಲವನ್ನೂ ಬಿಟ್ಟು ಬಾ, ಅಲ್ಲಿ ಚೊಕ್ಕಟದ ಕಾಂಕ್ರೀಟ್ ಖೋಲಿ ಇದೆ ಎಂದರೆ ಯಾರು ಹೋದಾರು? ವರಳಿಯಲ್ಲಿ ಆಗ ಸಂತೆ ಇಲ್ಲ, ಕಿರಾಣಿ ಅಂಗಡಿ ಇಲ್ಲ, ಬೀದಿದೀಪ ಸರಿಯಾಗಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವವನು ಕತ್ತಲೆ ಬಯಲಲ್ಲಿ ನಡೆಯಬೇಕು. ಇಂಥ ಊರಾಚೆಯ ಬಯಲನ್ನು ಆರಿಸಿಕೊಂಡವರು ಅಲ್ಲಿ ಬದುಕಬೇಕಾದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳುವುದಕ್ಕೆ ಖರ್ಚಿರಲಿಲ್ಲ.

ಬ್ಯಾಕ್ ಬೇ ಕೊಲ್ಲಿಯ ಕಡೆ ಇದಕ್ಕಿಂತ ದೊಡ್ಡ ಅನಾಹುತ ನಡೆದಿತ್ತು. ಅದಕ್ಕೊಂದು ಹಿಂದಿನ ಕಥೆಯೂ ಇದೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂದಾಗ, ಇದೇ ಕೊಲ್ಲಿಯನ್ನು ತುಂಬುವುದಾಗಿ ಒಂದು ಖಾಸಗಿ ಕಂಪನಿ ಹುಟ್ಟಿತ್ತು. ಅದರ ಷೇರಿಗಾಗಿ ಊರೇ ಹುಚ್ಚೆದ್ದಿತ್ತು. 1865ರಲ್ಲಿ ಯುದ್ಧ ಮುಗಿದು ಹತ್ತಿ ಬಿತ್ತು, ಕಂಪನಿಯೂ ಮುಳುಗಿತು. ಅಷ್ಟರಲ್ಲಿ ಸ್ವಲ್ಪ ನೆಲ ಮೇಲೆದ್ದಿತ್ತು, ಅದು ಕಡೆಗೆ ರೈಲಿನ ಉಪಯೋಗಕ್ಕೆ ಬಂತು. ಐವತ್ತೈದು ವರ್ಷದ ಮೇಲೆ ಸರ್ಕಾರವೇ ಅದೇ ನೀರಿಗೆ ಇಳಿಯಿತು. ಬಂದರಿನ ತಳದಿಂದ ಡ್ರೆಜರ್ ಹಡಗು ಕೆಸರನ್ನು ಎತ್ತಿ ಕೊಳವೆಯಲ್ಲಿ ತಂದು ಸುರಿಯಬೇಕು, ಕಡಲಗೋಡೆ ಅದನ್ನು ತಡೆದು ನಿಲ್ಲಿಸಬೇಕು. ತಳದ ಮಣ್ಣು ಎಣಿಸಿದ್ದಕ್ಕಿಂತ ಗಟ್ಟಿ, ಹಾಗಾಗಿ ಯಂತ್ರ ಹೇಳಿದಷ್ಟು ಎತ್ತಲಿಲ್ಲ. ಗೋಡೆಯ ಕಲ್ಲುಸಂದಿಗಳಿಂದ ಸುರಿದ ಕೆಸರು ಮತ್ತೆ ಸಮುದ್ರ ಸೇರಿತು. ಖರ್ಚು ಅಂದಾಜನ್ನು ಎಲ್ಲೋ ಮೀರಿತು.

ಆಗ ಎದ್ದು ನಿಂತವರು ಖುರ್ಷೀದ್ ಫ್ರಾಮ್‌ಜಿ ನರಿಮನ್. ವಕೀಲರು, ಶಾಸನಸಭೆಯ ಸದಸ್ಯರು. ಡೈರೆಕ್ಟರೇಟ್‌ನ ಲೆಕ್ಕಪತ್ರಗಳನ್ನು ಬೆನ್ನುಹತ್ತಿ, ಅವ್ಯವಹಾರದ ಆರೋಪಗಳನ್ನು ಬಹಿರಂಗವಾಗಿ ಮಾಡಿದರು. 1926ರಲ್ಲಿ ಗ್ರಿಮ್‌ವುಡ್ ಮಿಯರ್ಸ್ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಇಲಾಖೆಯ ಹಾರ್ವೆ ಎಂಬ ಅಧಿಕಾರಿ ನರಿಮನ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. 1928ರಲ್ಲಿ ನರಿಮನ್ ಖುಲಾಸೆಯಾದರು. ಇವತ್ತಿನ ನರಿಮನ್ ಪಾಯಿಂಟ್ ಅವರ ಹೆಸರಿನದು. ಅವರು ಪ್ರಶ್ನಿಸಿದ ಆ ಭರ್ತಿಯ ಯೋಜನೆಯ ಜಾಗದಲ್ಲೇ ಮುಂದೆ ಎದ್ದ ನೆಲಕ್ಕೆ ಅವರದೇ ಹೆಸರು ಬಂದದ್ದು ನನಗೆ ತುಂಬ ಸರಿ ಎನಿಸುತ್ತದೆ.

ಬ್ಯಾಕ್ ಬೇ ಹಗರಣದ ಗದ್ದಲದಲ್ಲಿ ಚಾಳುಗಳ ಪ್ರಶ್ನೆ ಹಿಂದೆ ಸರಿಯಿತು. ಡೈರೆಕ್ಟರೇಟ್ ಅಂಗಡಿ ಮುಚ್ಚಿತು. ಚಾಳುಗಳು ಲೋಕೋಪಯೋಗಿ ಇಲಾಖೆಯ ಕೈಗೆ ಬಂದವು. ರಸ್ತೆ, ಸೇತುವೆ ಕಟ್ಟುವ ಇಲಾಖೆಗೆ ಸಾವಿರಾರು ಸಂಸಾರಗಳ ಮನೆಯೊಡೆತನ. ಸೋರುವ ಚಾವಣಿಗೆ ಅರ್ಜಿ ಕೊಟ್ಟವರಿಗೆ ಅದರ ಫಲ ಏನೆಂದು ಗೊತ್ತಿದೆ.

ಖಾಲಿ ಖೋಲಿಗಳಿಗೆ ಸರ್ಕಾರ ಒಂದು ಉಪಯೋಗ ಕಂಡುಕೊಂಡಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಜೈಲುಗಳು ತುಂಬಿದಾಗ ವರಳಿಯ ಚಾಳುಗಳನ್ನೇ ತಾತ್ಕಾಲಿಕ ಜೈಲು ಮಾಡಿದರು. ಕಾರ್ಮಿಕರ ವಸತಿಗೆಂದು, ಹತ್ತಿಯ ಸುಂಕದ ದುಡ್ಡಿನಲ್ಲಿ ಕಟ್ಟಿದ ಖೋಲಿಗಳಲ್ಲಿ ಸ್ವಾತಂತ್ರ್ಯ ಕೇಳಿದವರನ್ನು ಕೂಡಿಹಾಕಿದರು.

ಮುಂದೆ ಆ ಚಾಳುಗಳು ತುಂಬಿದವು. ಊರು ಬೆಳೆದು ವರಳಿಯನ್ನು ಮುಟ್ಟಿತು, ಬಸ್ಸು ಬಂತು, ಅಂಗಡಿ ಬಂತು. ಕೊಂಕಣದಿಂದ, ಘಾಟಿನ ಮೇಲಿಂದ ಬಂದವರು, ದಲಿತ ಕುಟುಂಬಗಳು, ಪೋಲೀಸರ ಸಂಸಾರಗಳು ನೆಲೆಸಿದವು. ಖಾಲಿ ಬಿದ್ದಿದ್ದ ಅದೇ ಖೋಲಿಗಳಿಗೆ ಪಗಡಿ, ಅಂದರೆ ಬಾಡಿಗೆಯ ಹೊರತಾಗಿ ದೊಡ್ಡ ಮೊತ್ತ, ಕೊಟ್ಟು ಸೇರುವ ಕಾಲ ಬಂತು. ಚಾಳಿನೊಳಗಿನ ಯಾವ ಓಣಿಗೆ ಬೆಳಕು ಬಂದರೆ ಬಂತು ಎಂದು ನಾನು ಆಗಲೇ ಹೇಳಿದೆನೋ ಅದೇ ಓಣಿಯಲ್ಲಿ ಮದುವೆಯ ಊಟದ ಪಂಕ್ತಿ ಕೂತಿತು, ಗಣಪತಿ ಕೂತ, ಹೆಣ್ಣುಮಕ್ಕಳು ಸಂಜೆ ಅಕ್ಕಿ ಆರಿಸುತ್ತ ಕೂತರು. ಯಾವ ಮನೆಗೂ ಬೀಗ ಹಾಕುವ ಅಗತ್ಯ ಬೀಳಲಿಲ್ಲ. ಇದರ ಕೀರ್ತಿ ಅಲ್ಲಿ ಬದುಕಿದವರಿಗೇ ಸಲ್ಲಬೇಕು, ಕಟ್ಟಿದ ಇಲಾಖೆಗಲ್ಲ. ಹಾಗಂತ ಎಲ್ಲವೂ ಸೊಗಸಾಗಿತ್ತು ಅನ್ನಲಾರೆ. 1974ರ ಜನವರಿಯಲ್ಲಿ ದಲಿತ ಯುವಕರ ಹೋರಾಟದ ಸಂಘಟನೆಯಾದ ದಲಿತ್ ಪ್ಯಾಂಥರ್ಸ್‌ನ ಸಭೆಯ ಬಳಿಕ ಇದೇ ವರಳಿ ಚಾಳುಗಳಲ್ಲಿ ಗಲಭೆ ಹೊತ್ತಿ ಬಹಳ ದಿನ ಉರಿಯಿತು. ಎದುರುಬದುರು ಬಾಗಿಲಿನ ನಡುವೆ ಜಾತಿಯ ಗೋಡೆಯೂ ಇತ್ತು ಎಂಬುದನ್ನು ಮರೆತು ಚಾಳಿನ ಬದುಕನ್ನು ಹೊಗಳುವುದು ಅನ್ಯಾಯ. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾ ಕೇಳುವಷ್ಟು ಹತ್ತಿರ ಎಂಬ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ. ಆ ನೆಲದ ಬೆಲೆ ಮಾತ್ರ ಏರುತ್ತ ಹೋಯಿತು.

ಈಗ ಸರ್ಕಾರ ಎರಡನೇ ಸಲ ಕೈಹಾಕಿದೆ. ವರಳಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗದ 195 ಚಾಳುಗಳ ಮರುನಿರ್ಮಾಣವನ್ನು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾಕ್ಕೆ ವಹಿಸಿದ್ದಾರೆ. 2017ರ ಏಪ್ರಿಲ್‌ನಲ್ಲಿ ಭೂಮಿಪೂಜೆ ಆಯಿತು. 160 ಚದರಡಿಯ ಬದಲು 500 ಚದರಡಿ, ಸ್ವಂತ ಶೌಚಾಲಯ, ಒಡೆತನದ ಮನೆ, ಅದೇ ಜಾಗದಲ್ಲಿ. 2025ರ ಆಗಸ್ಟ್‌ನಲ್ಲಿ ವರಳಿಯ 556 ಕುಟುಂಬಗಳಿಗೆ ಕೀಲಿಕೈ ಕೊಟ್ಟರು. ಅದೇ ಜಾಗದಲ್ಲಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಊರಾಚೆಗೆ ಎತ್ತಿ ಒಗೆಯದೆ, ಮಕ್ಕಳ ಶಾಲೆ, ಹೆಂಗಸರ ಕೆಲಸ, ಆಸ್ಪತ್ರೆ ಎಲ್ಲ ಹತ್ತಿರವಿರುವಂತೆ ಮನೆ ಕೊಡುತ್ತಿರುವುದು ಒಳ್ಳೆಯದು. 1920ರಲ್ಲಿ ಆಗದೇ ಹೋದದ್ದು ಇದೇ.

ಆದರೆ ದುಡ್ಡಿನ ಪ್ರಶ್ನೆ ಹಾಗೇ ಇದೆ. ನಲವತ್ತು ಮಹಡಿಯ ಕಟ್ಟಡಕ್ಕೆ ಲಿಫ್ಟು ಬೇಕು, ನೀರೆತ್ತುವ ಪಂಪು ಬೇಕು, ಬೆಂಕಿ ಆರಿಸುವ ವ್ಯವಸ್ಥೆ ಬೇಕು, ಕಾವಲುಗಾರ ಬೇಕು. ಚಾಳಿನಲ್ಲಿ ಅತಿ ಕಡಿಮೆ ಬಾಡಿಗೆಗೆ ಇದ್ದ ಕುಟುಂಬ, ನಿವೃತ್ತ ಗಿರಣಿ ಕಾರ್ಮಿಕನ ವಿಧವೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳು ತಿಂಗಳ ಮೆಂಟೆನೆನ್ಸ್ ಎಲ್ಲಿಂದ ತರಬೇಕು? ಕೊಡಲಾಗದೆ ಆ ಮನೆ ಬಾಡಿಗೆಗೆ ಹೋಗಿ, ಇವರು ದೂರದ ವಿರಾರ್, ನಾಲಾಸೋಪಾರಾದ ಕಡೆ ಹೊರಟರೆ ಆಗ ಮತ್ತೆ ಖೋಲಿಗಳ ಲೆಕ್ಕ ಸರಿಯಾಗಿರುತ್ತದೆ, ಜನ ಮಾತ್ರ ಬೇರೆಯವರಾಗಿರುತ್ತಾರೆ. ಇದಕ್ಕೆ ಒಂದು ಕಾಯಂ ನಿಧಿ ಇಡಬೇಕು. ಆ ನೆಲದಲ್ಲಿ ಮಾರಾಟಕ್ಕೆಂದು ಕಟ್ಟುವ ಮನೆಗಳ ಲಾಭದಿಂದಲೇ ಅದು ಬರಬೇಕು, ಬರೆದ ಕರಾರಿನಲ್ಲೇ ಇರಬೇಕು. ಸೊಸೈಟಿ ಸಭೆಗಳಿಗೆ ಹೋಗುವವರು ನಿಮ್ಮಲ್ಲಿದ್ದರೆ ಈ ಮಾತನ್ನು ದಯವಿಟ್ಟು ಎತ್ತಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಡೆಯದಾಗಿ ಶಿವಡಿ. 207ರಲ್ಲಿ 195 ಕಳೆದರೆ ಉಳಿದ 12 ಚಾಳುಗಳು ಅಲ್ಲಿವೆ. ಅವು ನಿಂತ ನೆಲ ಬಂದರು ಪ್ರಾಧಿಕಾರದ್ದು, ಅಂದರೆ ಕೇಂದ್ರ ಸರ್ಕಾರದ್ದು. ಅದೇ ಇಲಾಖೆ, ಅದೇ ವರ್ಷಗಳಲ್ಲಿ, ಅದೇ ನಕ್ಷೆಯಂತೆ ಕಟ್ಟಿದ ಕಟ್ಟಡಗಳು. ವರಳಿಯವರಿಗೆ ಮನೆ ಸಿಗುವ ಹೊತ್ತಿಗೆ ಶಿವಡಿಯವರು ಬಿರುಕುಬಿಟ್ಟ ಚಾವಣಿಯಡಿ ಉಳಿದದ್ದು ಈ ನೆಲದ ಒಡೆತನ ಬೇರೆಯಾದ ಒಂದೇ ಕಾರಣಕ್ಕೆ. ದಿಲ್ಲಿ ಮತ್ತು ಮುಂಬಯಿಯ ಎರಡು ಸರ್ಕಾರಗಳು ಕೂತು ಮಾತಾಡಿ ನೆಲ ಬಿಟ್ಟುಕೊಟ್ಟರೆ ಬಗೆಹರಿಯುವ ವಿಷಯವಿದು. ಆ ಸುಮಾರು ಸಾವಿರ ಕುಟುಂಬಗಳ ಅರ್ಜಿಗೆ ಸಹಿ ಹಾಕಲು ಇಲ್ಲಿಂದ ಹೋಗುವಾಗ ಬಾಗಿಲ ಬಳಿ ಕಾಗದ ಇಟ್ಟಿದ್ದೇವೆ.